ಕಂಪ್ಯೂಟರಿನ ಬುಟ್ಟಿಯಲ್ಲಿ ಖಡಕ್ ರೊಟ್ಟಿ

ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಬೀಗ ತೆಗೆದು, ಮೇಜಿನ ಮೇಲಿನ ಧೂಳನ್ನು ನಿನ್ನೆಯ ಪತ್ರಿಕೆಯಿಂದ ಒರೆಸಿ, ಇವತ್ತಿನ ಪತ್ರಿಕೆಯನ್ನು ಕಂಪ್ಯೂಟರಿನಲ್ಲೇ ಓದೋಣವೆಂದು ಗುಂಡಿ ಒತ್ತಿ ಕುಳಿತರೆ, ಅದು ನನಗೆ ಮೊದಲು ಕೊಡುವುದು ಸುದ್ದಿಯನ್ನಲ್ಲ, ಒಂದು ಪ್ರಶ್ನೆಯನ್ನು. ತೆರೆಯ ಬುಡದಿಂದ ಬೂದು ಬಣ್ಣದ ಪಟ್ಟೆಯೊಂದು ಮೆಲ್ಲಗೆ ತಲೆ ಎತ್ತುತ್ತದೆ. ನಾವು ಕುಕೀಗಳನ್ನು ಬಳಸುತ್ತೇವೆ, ತಮ್ಮ ಒಪ್ಪಿಗೆ ಇದೆಯೇ ಎಂದು ಕೈ ಮುಗಿದು ನಿಲ್ಲುತ್ತದೆ. ನನ್ನ ಐವತ್ತು ವರ್ಷದ ಬಾಳಿನಲ್ಲಿ ನನ್ನ ಒಪ್ಪಿಗೆಯನ್ನು ಇಷ್ಟು ವಿನಯದಿಂದ ಕೇಳಿದವರು ಬೇರೆ ಯಾರೂ ಇಲ್ಲ. ಸಾಲೆಗೆ ಹಚ್ಚುವಾಗ ಕೇಳಲಿಲ್ಲ, ಮದುವೆ ಮಾಡುವಾಗ ಕೇಳಲಿಲ್ಲ, ಚುನಾವಣೆಯ ಕೆಲಸಕ್ಕೆ ಹೆಸರು ಬರೆಯುವಾಗಲಂತೂ ಕೇಳುವ ಪ್ರಶ್ನೆಯೇ ಇಲ್ಲ. ಆದರೂ ಈ ವಿನಯಕ್ಕೆ ತಕ್ಕ ಗೌರವವನ್ನು ನಾನು ಎಂದೂ ಕೊಟ್ಟವನಲ್ಲ. ಪಟ್ಟೆಯಲ್ಲಿ ಏನು ಬರೆದಿದೆಯೆಂದು ಓದದೆ, ದಾರಿಗೆ ಅಡ್ಡ ಬಂದ ಎಮ್ಮೆಯನ್ನು ಸರಿಸುವಂತೆ, 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತಿ ಮುಂದಕ್ಕೆ ಹೋಗುತ್ತೇನೆ. ದಣಿದ ಮನುಷ್ಯನ ಬಾಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹೊರಡುವ ಅಕ್ಷರ 'ಹೂಂ' ಅಲ್ಲವೇ?

ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಗುಮಾಸ್ತ. ಕಾಲೇಜೆಂದ ಮೇಲೆ ಕಂಪ್ಯೂಟರ್ ಶಾಸ್ತ್ರವನ್ನು ಕಲಿಸುವ ಅಧ್ಯಾಪಕರೂ ಇರುತ್ತಾರೆ. ಒಮ್ಮೆ ಅವರನ್ನು ಈ ಕುಕೀ ಎಂದರೇನೆಂದು ಕೇಳಿದ್ದೆ. ಅವರು ಹಲಗೆಯಿಲ್ಲದ ಗೋಡೆಯ ಮೇಲೆ ಬೆರಳಿನಿಂದ ಚೌಕಗಳನ್ನೂ ಬಾಣಗಳನ್ನೂ ಬರೆದು ಅರ್ಧ ತಾಸು ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಅರ್ಧ ತಾಸು ತಲೆ ಆಡಿಸಿದೆ. ಪದವೀಧರನಾದವನಿಗೆ ತಿಳಿಯಲಿಲ್ಲವೆಂದು ಹೇಳುವ ಸವಲತ್ತು ಇಲ್ಲ. ಅದು ಅನಕ್ಷರಸ್ಥರಿಗೆ ಮಾತ್ರ ಮೀಸಲಾದ ಸುಖ. ಅಂತೂ ಅದು ನನಗೆ ಹೊಳೆದದ್ದು ಆಮೇಲೆ, ನಮ್ಮೂರು ಕನ್ನೊಳ್ಳಿಯ ಹಿಟ್ಟಿನ ಗಿರಣಿಯ ಮುಂದೆ ಸರದಿಯಲ್ಲಿ ನಿಂತಾಗ. ನಮ್ಮ ಗಿರಣಿಯವನು ದಿನಕ್ಕೆ ನೂರು ಮುಖ ನೋಡುತ್ತಾನೆ, ಒಂದನ್ನೂ ನೋಡುವುದಿಲ್ಲ. ಹುಬ್ಬಿನ ಮೇಲೂ ರೆಪ್ಪೆಯ ಮೇಲೂ ಹಿಟ್ಟು ಕುಳಿತವನಿಗೆ ಮುಖ ಹೇಗೆ ಕಂಡೀತು? ಅದಕ್ಕೇ ನೀವು ಜೋಳದ ಡಬ್ಬಿ ಇಟ್ಟ ಮೊದಲ ದಿನ ಅವನೊಂದು ಚೀಟಿ ಬರೆದು ನಿಮ್ಮ ಡಬ್ಬಿಯೊಳಗೇ ಹಾಕಿಬಿಡುತ್ತಾನೆ: ಇಂಥವರದು, ರೊಟ್ಟಿಗೆ, ಹಿಟ್ಟು ಸಣ್ಣಗೆ. ಮುಂದಿನ ವಾರ ನೀವು ಬಾಯಿ ಬಿಡಬೇಕಿಲ್ಲ. ಡಬ್ಬಿ ಇಟ್ಟರೆ ಸಾಕು, ಅವನು ತನ್ನ ಚೀಟಿಯನ್ನು ತಾನೇ ಓದಿಕೊಂಡು, ಬಹುಕಾಲದ ಪರಿಚಯದವನಂತೆ ನಕ್ಕು, ಹಿಟ್ಟನ್ನು ಸಣ್ಣಗೆ ಬೀಸುತ್ತಾನೆ. ಆ ಪರಿಚಯ ಅವನ ತಲೆಯಲ್ಲಿಲ್ಲ, ನಿಮ್ಮ ಡಬ್ಬಿಯಲ್ಲಿದೆ. ಕುಕೀ ಎಂದರೆ ಇಷ್ಟೇ. ಜಾಲತಾಣವು ನಿಮ್ಮ ಕಂಪ್ಯೂಟರಿನೊಳಗೆ ಹಾಕಿಟ್ಟ ಚೀಟಿ. ಚೀಟಿ ಇರುವವರೆಗೆ ಅದು ನಿಮ್ಮ ಗುರುತು ಹಿಡಿಯುತ್ತದೆ. ಚೀಟಿ ಹೋಯಿತೋ, ಯಾರು ನೀವು, ಯಾವೂರು ಎಂದು ಮೊದಲಿನಿಂದ ವಿಚಾರಿಸುತ್ತದೆ.

ಇದರಲ್ಲಿ ಇನ್ನೊಂದು ಕುತಂತ್ರವಿದೆ, ಅದು ನಮ್ಮ ಗಿರಣಿಯವನಿಗೆ ಇನ್ನೂ ತಿಳಿದಿಲ್ಲ, ತಿಳಿಯದಿರಲಿ. ಎಲ್ಲ ಗಿರಣಿಗಳ ಜೊತೆಗೂ ಒಳಒಪ್ಪಂದ ಮಾಡಿಕೊಂಡ ಒಬ್ಬ ದಲಾಲಿ ಇದ್ದಾನೆಂದು ತಿಳಿಯಿರಿ. ಗಿರಣಿಯವನು ತನ್ನ ಚೀಟಿ ಹಾಕುವಾಗ ಈತನೂ ತನ್ನದೊಂದನ್ನು ಸದ್ದಿಲ್ಲದೆ ನಿಮ್ಮ ಡಬ್ಬಿಗೆ ಇಳಿಬಿಡುತ್ತಾನೆ. ಆಮೇಲೆ ನೀವು ಸಿಂದಗಿಗೆ ಹೋದರೂ ಇಂಡಿಗೆ ಹೋದರೂ ಅಲ್ಲಿಯ ಗಿರಣಿಯಲ್ಲಿ ಈತನೇ ಇಣುಕಿ, ಓ ಇವರಾ, ಕನ್ನೊಳ್ಳಿಯಲ್ಲಿ ಜೋಳ ಬೀಸಿಸಿದವರು ಎಂದು ಪಿಸುಗುಡುತ್ತಾನೆ. ಹೋದ ವರ್ಷ ನಾನು, ಯಾರೂ ಇಲ್ಲದ ಹೊತ್ತು ನೋಡಿ, ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಬಗೆಗೆ ಐದೇ ನಿಮಿಷ ವಿಚಾರ ಮಾಡಿದ್ದೆ. ವಿಚಾರ ಮಾಡಿದ್ದಷ್ಟೇ, ಕೊಂಡಿರಲಿಲ್ಲ. ಅಂದಿನಿಂದ ಒಂದು ತಿಂಗಳು ನಾನು ಹವಾಮಾನ ನೋಡಲಿ, ವಿಶ್ವವಿದ್ಯಾಲಯದ ಫಲಿತಾಂಶದ ಸುದ್ದಿ ನೋಡಲಿ, ಪಕ್ಕದಲ್ಲಿ ಆ ಬಣ್ಣದ ಡಬ್ಬಿ ಹಲ್ಲು ಕಿರಿಯುತ್ತ ನಿಂತಿರುತ್ತಿತ್ತು. ಅಧ್ಯಾಪಕಿಯರು ರಜೆಯ ಅರ್ಜಿ ಹಿಡಿದು ನನ್ನ ಹಿಂದೆ ನಿಂತಾಗಲೇ ಅದು ಇನ್ನಷ್ಟು ಅಗಲವಾಗಿ ಅರಳುತ್ತಿತ್ತು. ನನ್ನ ತಲೆಯ ಬಿಳುಪಿಗಿಂತ ಅದನ್ನು ಮುಚ್ಚುವ ಆಸೆಯೇ ಹೆಚ್ಚು ಜನರಿಗೆ ತಿಳಿಯಿತು.

ನಾನು ಬಿ.ಎ. ಪಾಸಾದವನು. ಇದನ್ನು ಹೇಳದೆ ಮುಂದೆ ಹೋಗಲಾರೆ, ಹೇಳಬಾರದೆಂಬ ಸಭ್ಯತೆಯೂ ನನಗಿಲ್ಲ. ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ವಂಶದಲ್ಲಿ ನನಗಿಂತ ಮೊದಲು ಅಕ್ಷರ ಹೊತ್ತವು ಕುರಿಗಳು ಮಾತ್ರ. ಹಿಂಡು ಕಲೆಯದಿರಲೆಂದು ಅಪ್ಪ ಯಾರಿಂದಲೋ ಬರೆಸಿಕೊಂಡು ಅವುಗಳ ಬೆನ್ನಿನ ಮೇಲೆ ಕೆಂಪು ಬಣ್ಣದ ಗುರುತು ಹಾಕುತ್ತಿದ್ದ. ಆ ಕುರಿಗಳ ಮರಿಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಸಾಲೆಗೆ ಹೋಗಲು ಒಬ್ಬರಿಗೆ ಅವಕಾಶವಿತ್ತು. ನಾಲ್ಕನೆಯ ಇಯತ್ತೆ ಓದುತ್ತಿದ್ದ ಅಕ್ಕ ನೀಲವ್ವ ಪಾಟಿಯನ್ನು ಗೂಡಿನಲ್ಲಿಟ್ಟು ಮರಿಗಳ ಹಿಂದೆ ಹೋದಳು. ನಾನು ಅದೇ ಪಾಟಿ ತೆಗೆದುಕೊಂಡು ಸಾಲೆಗೆ ಹೋದೆ. ಸಿಂದಗಿಯ ಕಾಲೇಜಿಗೆ ನಡೆದುಕೊಂಡು ಹೋದ ದಿನಗಳನ್ನೂ, ಒಂದೇ ಅಂಗಿಯನ್ನು ಒಗೆದು ಒಣಗಿಸಿ ತೊಟ್ಟ ಮೂರು ವರ್ಷಗಳನ್ನೂ ನಾನಿಲ್ಲಿ ಹಾಡುವುದಿಲ್ಲ. ಆದರೆ ಆ ಪದವಿಯ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದೇನೆ, ಊದುಬತ್ತಿಯ ಹೊಗೆ ಇಬ್ಬರಿಗೂ ಸಮನಾಗಿ ಸಲ್ಲುತ್ತದೆ.

ಅಂದಿನಿಂದ ನಾಲ್ಕು ತಾಲ್ಲೂಕಿನ ನಮ್ಮ ಬಳಗದಲ್ಲಿ ನನ್ನ ಹೆಸರು ಬರಿಯ ಮಾಳಪ್ಪನಲ್ಲ, ಬಿ.ಎ. ಮಾಳಪ್ಪ. ಇಂಡಿಯ ಕಾಕಾನ ನಿಂಬೆ ತೋಟದ ಪಹಣಿಯಲ್ಲಿ ಹೆಸರು ತಪ್ಪಿದರೆ ಫೋನು ನನಗೆ. ಹಲಸಂಗಿಯಲ್ಲಿರುವ ಹೆಂಡತಿಯ ತಂಗಿಯ ಮಗುವಿನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ತಿಂಗಳು ಹಿಂದುಮುಂದಾದರೆ ಫೋನು ನನಗೆ. ಮಳೆ ಯಾವಾಗ ಬರುತ್ತದೆ, ಬೆರಳಚ್ಚು ಯಾಕೆ ಹೊಂದುವುದಿಲ್ಲ, ಕಿವಿಯ ಹನಿಯನ್ನು ಕಣ್ಣಿಗೆ ಬಿಡಬಹುದೋ ಹೇಗೋ, ಎಲ್ಲಕ್ಕೂ ನಾನೇ. ಬಿ.ಎ.ಗೆ ನನ್ನ ವಿಷಯ ಇತಿಹಾಸವಾಗಿತ್ತೆಂದು ಯಾರೂ ಕೇಳಲಿಲ್ಲ. ಮೊದಮೊದಲು ನನಗೂ ಅದು ಹಿತವಾಗಿತ್ತು. ಉತ್ತರ ಗೊತ್ತಿಲ್ಲದಿದ್ದರೂ ಗಂಟಲು ಸರಿಮಾಡಿಕೊಂಡು ಏನನ್ನಾದರೂ ಹೇಳುತ್ತಿದ್ದೆ. ಈಗ ಫೋನು ಬಡಿದುಕೊಂಡರೆ ಬೆನ್ನು ತಾನೇ ಬಾಗುತ್ತದೆ. ಇಷ್ಟಲ್ಲದೆ ಮನೆಯಲ್ಲೊಂದು ಕೆಂಪು ಟ್ರಂಕು ಇದೆ. ಬಳಗದವರ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಸಾಲೆ ಬಿಟ್ಟ ದಾಖಲೆ, ಎಲ್ಲದರ ಮೂಲಪ್ರತಿಗಳೂ ಅದರಲ್ಲೇ ಇರಬೇಕು. ಓದಿದವರ ಮನೆಯಲ್ಲಿಟ್ಟ ಕಾಗದವನ್ನು ಇಲಿ ತಿನ್ನುವುದಿಲ್ಲವೆಂದು ನಮ್ಮವರ ನಂಬಿಕೆ. ಇಲಿಗಳಿಗೆ ನನ್ನ ಪದವಿಯ ವಿಷಯ ತಿಳಿದಂತಿಲ್ಲ, ನಾನು ಡಾಂಬರು ಗುಳಿಗೆ ಹಾಕಿ ಕಾಯುತ್ತೇನೆ.

ಇಂಥ ಸರ್ವಜ್ಞನು ಒಂದು ಸಲ ಕಚೇರಿಯ ಕಂಪ್ಯೂಟರನ್ನು ಸ್ವಚ್ಛ ಮಾಡಿದ ಕಥೆಯನ್ನು ಹೇಳಲೇಬೇಕು, ಮುಂದಿನ ಅನಾಹುತದ ಬೀಜ ಅಲ್ಲೇ ಇದೆ. ಯಂತ್ರ ಎತ್ತಿನಂತೆ ನಿಂತಲ್ಲೇ ನಿಲ್ಲತೊಡಗಿತ್ತು. ದುರಸ್ತಿಯವನಿಗೆ ಫೋನು ಮಾಡಿದರೆ, ಕ್ಯಾಶೆ ತೆಗೆದುಬಿಡಿ ಎಂದ. ಕ್ಯಾಶೆ ಎಂದರೇನೆಂದು ನಾನು ಕೇಳಲಿಲ್ಲ. ಕಾರಣ ಮೇಲೆ ಹೇಳಿದ್ದೇನೆ. ಅವನು ಹೇಳಿದ ಜಾಗಕ್ಕೆ ಹೋದರೆ ಒಂದಲ್ಲ, ಸಾಲಾಗಿ ಐದಾರು ಸಣ್ಣ ಚೌಕಗಳಿದ್ದವು: ಓಡಾಡಿದ ಇತಿಹಾಸ, ಕುಕೀಗಳು, ಕ್ಯಾಶೆ, ಗುಪ್ತಪದಗಳು, ಇನ್ನೂ ಏನೇನೋ. ಬಳಿಯುವುದಾದರೆ ಅರ್ಧ ಅಂಗಳ ಬಳಿಯುತ್ತಾರೆಯೇ ಎಂದು ಎಲ್ಲ ಚೌಕಕ್ಕೂ ಗುರುತು ಹಾಕಿ ಒತ್ತಿದೆ. ಯಂತ್ರ ಹಗುರಾಯಿತು. ನಾನೂ ಹಗುರಾಗಿ ಚಹಾ ಕುಡಿಯುತ್ತಿರುವಾಗ ನಮ್ಮ ಪ್ರಾಚಾರ್ಯರು ಬಂದು, ತಮ್ಮ ಇಲಾಖೆಯ ತಾಣವನ್ನು ತೆರೆದು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾಳಪ್ಪನವರ, ನಿನ್ನೆ ಮಟಾ ಇದು ನನ್ನ ಗುರ್ತ ಹಿಡೀತಿತ್ತಲ್ರಿ. ಇವತ್ತ ಯಾರು ನೀವು ಅಂತ ಕೇಳಾಕತ್ತೈತಿ."

ಡಬ್ಬಿಯೊಳಗಿನ ಚೀಟಿಗಳನ್ನೆಲ್ಲ ನಾನು ಗುಡಿಸಿ ಎಸೆದಿದ್ದೆ. ಚೀಟಿ ಹೋದರೂ ಹೆಸರು, ಗುಪ್ತಪದ ಹೇಳಿದರೆ ಮತ್ತೆ ಒಳಗೆ ಬಿಡುತ್ತಿತ್ತು, ಆದರೆ ಆ ಗುಪ್ತಪದವನ್ನೂ ಯಂತ್ರವೇ ನೆನಪಿಟ್ಟುಕೊಂಡಿತ್ತು, ಪ್ರಾಚಾರ್ಯರಲ್ಲ. ಹೊಸದನ್ನು ಪಡೆಯೋಣವೆಂದರೆ ಅದಕ್ಕೆ ಬೇಕಾದ ಸಂಖ್ಯೆ ಹೋಗುವುದು ನಿವೃತ್ತರಾಗಿ ಇಂಡಿಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದ ಹಿಂದಿನ ಪ್ರಾಚಾರ್ಯರ ಫೋನಿಗೆ, ಆ ಫೋನೋ ಮೊಮ್ಮಕ್ಕಳ ಕೈಯಲ್ಲಿ. ಎಲ್ಲ ಸರಿಹೋಗಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಪ್ರಾಚಾರ್ಯರು ನನಗೆ ಒಂದೂ ಕಟುಮಾತು ಆಡಲಿಲ್ಲ. ಬರಿಯ 'ಹಾಂ, ಬರ್ರಿ ಬರ್ರಿ' ಎನ್ನುತ್ತಿದ್ದರು, ಅದು ಇನ್ನೂ ಕಷ್ಟ. ಅಂದೇ ನಾನೊಂದು ಕಾಗದದ ಮೇಲೆ 'ಏನನ್ನೂ ಅಳಿಸಬಾರದು' ಎಂದು ದಪ್ಪಗೆ ಬರೆದು ಕಂಪ್ಯೂಟರಿನ ನೆತ್ತಿಗೆ ಅಂಟಿಸಿದೆ. ಎರಡು ವರ್ಷ ಆ ವ್ರತವನ್ನು ಮುರಿಯಲಿಲ್ಲ.

ಈಗ ಅಸಲು ಮಾತಿಗೆ ಬರುತ್ತೇನೆ. ಅಕ್ಕ ಕನ್ನೊಳ್ಳಿಯಲ್ಲಿ ರೊಟ್ಟಿ ಬಡಿದು ಸಿಂದಗಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಅವಳ ಒಬ್ಬಳೇ ಮಗಳು ಕಾವೇರಿ. ಓದಿನಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ಬಾಗೇವಾಡಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಕನ್ನೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವ ದೂರವಲ್ಲ, ಹುಡುಗಿ ಒಬ್ಬಳೇ ಕೋಣೆ ಹಿಡಿಯುವ ಹಾಗಿಲ್ಲ. ಹೆಣ್ಣುಮಕ್ಕಳ ವಸತಿನಿಲಯಕ್ಕೆ ಅರ್ಜಿ ಹಾಕಿಸಿದ್ದೆ. ಅಲ್ಲಿ ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ತನ್ನ ಜೊತೆ ಒಲೆಯ ಮುಂದೆ ಎಂದು ಅಕ್ಕ ಸಿಟ್ಟಿಲ್ಲದೆ, ದುಃಖವಿಲ್ಲದೆ, ಬಸ್ಸಿನ ವೇಳೆ ಹೇಳುವಂತೆ ಹೇಳಿಬಿಟ್ಟಿದ್ದಳು. ಆಯ್ಕೆಯಾದವರ ಪಟ್ಟಿ ಕಂಪ್ಯೂಟರಿನಲ್ಲಿ ಬರುತ್ತದೆ, ಅದನ್ನು ನೋಡಿ ಹೇಳುವ ಜವಾಬ್ದಾರಿ, ಇನ್ನು ಯಾರದು, ನನ್ನದು.

ನಾನು ದಿನಾ ನೋಡಿದೆ. ಆಲಸ್ಯ ಮಾಡಿದೆನೆಂದು ನೀವು ತಿಳಿಯಬಾರದು. ಸೋಮವಾರ ನೋಡಿದಾಗ 'ಆಯ್ಕೆ ಪಟ್ಟಿ ಶೀಘ್ರದಲ್ಲೇ ಪ್ರಕಟವಾಗಲಿದೆ' ಎಂದಿತ್ತು. ಮಂಗಳವಾರವೂ ಅದೇ. ಬುಧವಾರವೂ ಅದೇ ಸಾಲು, ಅದೇ ಶೀಘ್ರ. ಸರಕಾರಿ ಭಾಷೆಯಲ್ಲಿ ಶೀಘ್ರ ಎಂಬ ಪದದ ನಡಿಗೆಯನ್ನು ಇಪ್ಪತ್ತು ವರ್ಷದಿಂದ ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ದಿನಾ ಸಂಜೆ ಕಾವೇರಿಗೆ ಫೋನು ಮಾಡಿ, ಇನ್ನೂ ಬಂದಿಲ್ಲವ್ವ ಎಂದು ಹೇಳುತ್ತಿದ್ದೆ. ಅವಳು, ಹೌದ್ರಿ ಮಾಮಾ ಎನ್ನುತ್ತಿದ್ದಳು. ಬುಧವಾರ ಆ ಹೌದ್ರಿಗೆ ಮೊದಲು ಒಂದು ಕ್ಷಣ ತಡವಿತ್ತು. ನಾನು ಅದನ್ನು ಫೋನಿನ ತಡವೆಂದುಕೊಂಡೆ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಅಕ್ಕನ ಫೋನು ಬಂತು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೈ ನಿಲ್ಲಿಸದೆ ಮಾತಾಡುವವಳು.

"ತಮ್ಮಾ, ಗಿರಣ್ಯಾಗ ಭೀಮವ್ವ ಸಿಕ್ಕಿದ್ಳು. ಆಕಿ ಮಗಳು ಅಶ್ವಿನಿ ಹೆಸರು ಲಿಸ್ಟಿನ್ಯಾಗ ಬಂದೈತಂತ. ನಮ್ಮ ಕಾವೇರಿದು ನೋಡ."

"ಈಗರೆ ನೋಡೇನಕ್ಕಾ. ಲಿಸ್ಟ ಬಂದಿಲ್ಲ."

"ಇನ್ನೊಮ್ಮಿ ನೋಡ."

ಆ ದಿನ ಬೆಳಗಿನಿಂದ ಪರೀಕ್ಷಾ ಶುಲ್ಕದ ಸಾಲು ಬಾಗಿಲಾಚೆ ನಿಂತಿತ್ತು, ಊಟವಾಗಿರಲಿಲ್ಲ, ನಾಲ್ಕು ತಾಲ್ಲೂಕಿನ ಭಾರವೂ ಹೆಗಲ ಮೇಲೆ ಒಟ್ಟಿಗೆ ಕುಳಿತಂತಿತ್ತು. ಇವು ಕಾರಣಗಳು, ನೆಪಗಳಲ್ಲ ಎಂದು ಹೇಳಲು ಮನಸ್ಸಿದೆ, ಹೇಳಲಾರೆ.

"ಅಕ್ಕಾ, ನಿನಗ ಇದೆಲ್ಲಾ ತಿಳಿಯೂದಿಲ್ಲ. ಸುಮ್ನ ರೊಟ್ಟಿ ಬಡಿ."

ಸಪ್ಪಳ ನಿಂತಿತು. ಅವಳ ರೊಟ್ಟಿಯ ಸಪ್ಪಳ ನಡುವೆ ನಿಂತದ್ದನ್ನು ನಾನು ಕೇಳಿದ್ದು ಅಪ್ಪ ತೀರಿದ ದಿನದ ನಂತರ ಅದೇ ಮೊದಲು. ಆಮೇಲೆ ಅವಳು ನಿಧಾನವಾಗಿ ಮಾತಾಡಿದಳು, ದನಿಯಲ್ಲಿ ಸಿಟ್ಟಿರಲಿಲ್ಲ.

"ರೊಟ್ಟೀನ ಬಡಿಯಾಕತ್ತೇನಪ. ಅದಕ್ಕ ಕೇಳ್ತೇನಿ. ನಿನ್ನ ಕಂಪ್ಯೂಟರ ಡಬ್ಬಿ ಬುಟ್ಟ್ಯಾಗಿನ ರೊಟ್ಟಿ ಕೊಡಾಕತ್ತೈತೋ ಏನೋ. ಖಾನಾವಳಿಯವ ಹಂಗ ಮಾಡ್ತಾನ. ಬಿಸಿದು ಕೇಳಿದವರಿಗೂ ಮೊನ್ನಿಂದ ತಗದು, ಒಂದ್ಸಲ ಹಂಚಿನ ಮ್ಯಾಲ ಆಡಿಸಿ ಕೊಟ್ಟಬಿಡ್ತಾನ. ಉಣ್ಣವರಿಗೆ ಗೊತ್ತಾಗೂದಿಲ್ಲ. ಬಡದವರಿಗೆ ಗೊತ್ತಾಗ್ತದ."

ಅವಳ ಮಾತು ತಪ್ಪೆಂದು ತೋರಿಸುವುದಕ್ಕಾಗಿಯೇ, ಸತ್ಯ ಹೇಳುತ್ತೇನೆ, ಅದಕ್ಕಾಗಿಯೇ, ನಾನು ನನ್ನ ಕಿಸೆಯ ಫೋನಿನಲ್ಲಿ ಆ ತಾಣವನ್ನು ತೆರೆದೆ. ಪುಟದ ಚಿತ್ರ ತೆಗೆದು ಕಾವೇರಿಗೆ ಕಳಿಸಿ, ನಿಮ್ಮವ್ವನಿಗೆ ತೋರಿಸು ಎನ್ನುವ ಹಂಚಿಕೆ. ಫೋನಿನಲ್ಲಿ ಆ ತಾಣವನ್ನು ನಾನು ಹಿಂದೆಂದೂ ತೆರೆದಿರಲಿಲ್ಲ. ಅಲ್ಲಿ ಶೀಘ್ರವೂ ಇರಲಿಲ್ಲ, ಪ್ರಕಟವಾಗಲಿದೆಯೂ ಇರಲಿಲ್ಲ. ಪಟ್ಟಿ ಇತ್ತು. ಮಂಗಳವಾರದ ತಾರೀಖಿತ್ತು. ಅಶ್ವಿನಿಯ ಹೆಸರಿನ ನಾಲ್ಕು ಸಾಲು ಕೆಳಗೆ ನಮ್ಮ ಕಾವೇರಿಯ ಹೆಸರಿತ್ತು, ತಂದೆಯ ಹೆಸರಿನ ಸಮೇತ. ಎಲ್ಲದರ ಕೆಳಗೆ, ಆಯ್ಕೆಯಾದವರು ಮೂಲ ದಾಖಲೆಗಳೊಂದಿಗೆ ಗುರುವಾರ ಸಂಜೆ ಐದರೊಳಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಜಾಗವನ್ನು ಮುಂದಿನವರಿಗೆ ಕೊಡಲಾಗುವುದು ಎಂದಿತ್ತು. ಮೂಲ ದಾಖಲೆಗಳು ಎಲ್ಲಿದ್ದವು? ಕನ್ನೊಳ್ಳಿಯಲ್ಲಲ್ಲ. ಮುದ್ದೇಬಿಹಾಳದಲ್ಲಿ, ಓದಿದವರ ಮನೆಯಲ್ಲಿ, ಇಲಿ ತಿನ್ನದ ಕೆಂಪು ಟ್ರಂಕಿನಲ್ಲಿ.

ಅಕ್ಕನಿಗೆ, ಕಾವೇರಿಯನ್ನು ಕರೆದುಕೊಂಡು ಸಿಕ್ಕ ಬಸ್ಸಿಗೆ ಬಾಗೇವಾಡಿಗೆ ಬಾ ಎಂದಷ್ಟೇ ಹೇಳಿದೆ. ಯಾಕೆಂದು ಅವಳು ಕೇಳಲಿಲ್ಲ. ಪ್ರಾಚಾರ್ಯರು 'ಹಾಂ, ಹೋಗ್ರಿ ಹೋಗ್ರಿ' ಎಂದರು. ಮನೆಗೆ ಓಡಿ, ಟ್ರಂಕು ಬುಡಮೇಲು ಮಾಡಿ, ಯಾರ್ಯಾರದೋ ಜಾತಿ ಜನನಗಳ ನಡುವಿನಿಂದ ಕಾವೇರಿಯ ಕಾಗದಗಳನ್ನು ಎಳೆದು, ಬಾಗೇವಾಡಿಯ ಬಸ್ಸು ಹತ್ತುವಾಗ ಎರಡೂವರೆ ದಾಟಿತ್ತು.

ಓಡುತ್ತಿರುವಾಗ ಬಾರದ ಬುದ್ಧಿ ಕಿಟಕಿಯ ಪಕ್ಕ ಕುಳಿತಾಗ ಬರುತ್ತದೆ. ಕ್ಯಾಶೆ ಎಂದರೇನೆಂದು ಎರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಗೆ ಆ ಬಸ್ಸಿನಲ್ಲಿ ನನಗೆ ಉತ್ತರ ಸಿಕ್ಕಿತು. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಹೊತ್ತು ಹೊತ್ತಿಗೆ ಒಲೆ ಹೊತ್ತಿಸಿ ಹಿಟ್ಟು ನಾದುತ್ತಾರೆಯೇ? ಒಂದು ದಿನ ಕುಳಿತು ನೂರು ರೊಟ್ಟಿ ಬಡಿದು, ಖಡಕ್ ಮಾಡಿ, ಬುಟ್ಟಿಯಲ್ಲಿ ಒಟ್ಟಿ, ಬಿಳಿ ಬಟ್ಟೆ ಮುಚ್ಚಿಡುತ್ತಾರೆ. ಹಸಿದು ಬಂದವರು ಕಾಯಬೇಕಿಲ್ಲ, ಕೈ ಹಾಕಿದರೆ ರೊಟ್ಟಿ. ಕಂಪ್ಯೂಟರೂ ಹಾಗೆಯೇ. ಎಲ್ಲೋ ದೂರದ ಒಲೆಯಿಂದ ಪುಟವನ್ನು ಪ್ರತಿಸಲ ಬಿಸಿಬಿಸಿಯಾಗಿ ತರಿಸಲು ಹೊತ್ತು ಹಿಡಿಯುತ್ತದೆಂದು, ಒಮ್ಮೆ ತಂದದ್ದನ್ನು ತನ್ನ ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡಿರುತ್ತದೆ. ಆ ಬುಟ್ಟಿಯೇ ಕ್ಯಾಶೆ. ಮರುದಿನ ಅದೇ ಪುಟ ಕೇಳಿದರೆ, ಹೊಸದು ಬಡಿದಿದ್ದಾರೋ ಇಲ್ಲವೋ ಎಂದು ಒಲೆಯವರೆಗೆ ಹೋಗಿ ವಿಚಾರಿಸುವುದೂ ಉಂಟು, ವಿಚಾರಿಸದೆ ಬುಟ್ಟಿಯಿಂದಲೇ ತೆಗೆದು ಬಡಿಸಿಬಿಡುವುದೂ ಉಂಟು. ಮೋಸವಲ್ಲ, ಉಪಕಾರಬುದ್ಧಿ. ಸೋಮವಾರದ ರೊಟ್ಟಿಯನ್ನು ಅದು ನನಗೆ ಗುರುವಾರದವರೆಗೆ ಬಡಿಸಿತು, ನಾನು ಅದನ್ನು ಬಿಸಿಯೆಂದು ಬಳಗಕ್ಕೆಲ್ಲ ಹಂಚಿದೆ. ಚೀಟಿ ಬೇರೆ, ಬುಟ್ಟಿ ಬೇರೆ. ಎರಡು ವರ್ಷದ ಹಿಂದೆ ನಾನು ಬುಟ್ಟಿಯ ಜೊತೆ ಚೀಟಿಗಳನ್ನೂ ಎಸೆದೆ. ಅದರ ಪೆಟ್ಟಿಗೆ ಹೆದರಿ, ಚೀಟಿಯ ಜೊತೆ ಬುಟ್ಟಿಯನ್ನೂ ಮುಟ್ಟದೆ ಕುಳಿತೆ. ಹೊಸ ರೊಟ್ಟಿ ಬೇಕೆಂದರೆ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಸಾಕಿತ್ತಂತೆ, ಏನನ್ನೂ ಎಸೆಯುವ ಅಗತ್ಯವೇ ಇರಲಿಲ್ಲವಂತೆ. ಇದನ್ನು ಆಮೇಲೆ ಆ ಅಧ್ಯಾಪಕರೇ ಹೇಳಿದರು. ಈ ಸಲ ತಲೆ ಆಡಿಸದೆ ಕೇಳಿಸಿಕೊಂಡೆ.

ಬಯಲು ಹಿಂದಕ್ಕೆ ಸರಿಯುತ್ತಿತ್ತು. ನನ್ನೊಳಗೂ ಒಂದು ಬುಟ್ಟಿ ಇದೆಯಲ್ಲ ಎಂಬ ಯೋಚನೆ ಬಂತು. ಅಕ್ಕ ಎಂದರೆ ನನ್ನ ತೆರೆಯ ಮೇಲೆ ಮೂಡುವುದು ಪಾಟಿಯನ್ನು ಗೂಡಿನಲ್ಲಿಟ್ಟು ಹೋದ ಹುಡುಗಿ. ಆ ಪುಟ ಅಲ್ಲೇ ನಿಂತಿದೆ. ಆಮೇಲೆ ಅವಳು ಮೂರು ಖಾನಾವಳಿಗಳ ಮಾಲಕರ ಜೊತೆ ನಿಂತು ವಾದ ಮಾಡಿದ್ದು, ಜೋಳದ ಕಾಳನ್ನು ಹಲ್ಲಿಗೆ ಕೊಟ್ಟು ಯಾವ ಹೊಲದ್ದೆಂದು ಹೇಳುವುದು, ಗಂಡ ಹೋದ ಮೇಲೆ ಮಗಳನ್ನು ಇಲ್ಲಿಯವರೆಗೆ ತಂದದ್ದು, ಇವು ಯಾವುವೂ ಆ ಪುಟಕ್ಕೆ ಏರಿಲ್ಲ. ನಾನು ಒಮ್ಮೆಯೂ ಒಲೆಯವರೆಗೆ ಹೋಗಿ ವಿಚಾರಿಸಲಿಲ್ಲ. ಅವಳ ಬುಟ್ಟಿಯಲ್ಲಿರುವ ನಾನೋ, ಪಾಸಾದ ದಿನ ಪೇಡೆಯ ಪೊಟ್ಟಣ ಹಿಡಿದು ಬಂದ ಬಿ.ಎ. ಮಾಳಪ್ಪ. ಅದೂ ಹಳೆಯದೇ.

ನಾನು ವಸತಿನಿಲಯ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷ. ಅಕ್ಕ, ಕಾವೇರಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದರು. ಅಕ್ಕನ ಮೊಣಕೈಯವರೆಗೆ ಹಿಟ್ಟು ಒಣಗಿ ಬಿಳಿಚಿತ್ತು; ಕೈ ತೊಳೆಯಲು ಕೂಡ ನಿಂತಿರಲಿಲ್ಲ, ಆದರೆ ರೊಟ್ಟಿಯ ಗಂಟು ಕಟ್ಟಿಕೊಳ್ಳಲು ನಿಂತಿದ್ದಳು. ಒಳಗೆ ಮೇಲ್ವಿಚಾರಕಿ ದಫ್ತರ ಮುಚ್ಚುವ ಸನ್ನಾಹದಲ್ಲಿದ್ದರು. ಕಾಗದಗಳನ್ನು ಒಂದೊಂದಾಗಿ ತಿರುವುತ್ತ, ಮುಖ ಎತ್ತದೆ ಕೇಳಿದರು.

"ಲಿಸ್ಟ ಬಂದು ಮೂರು ದಿನ ಆತಲ್ರಿ. ಇಷ್ಟ ದಿನ ಏನ್ ಮಾಡಾಕತ್ತಿದ್ರಿ?"

ಇದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಸದಾ ಸಿದ್ಧವಾಗಿರುತ್ತದೆ. ಸರ್ವರ್ ಡೌನ್ ಇತ್ತು. ಕಿಟಕಿಯ ಈಚೆ ಕುಳಿತು ಎಷ್ಟು ಜನರನ್ನು ನಾನು ಈ ಮೂರು ಪದಗಳಿಂದ ಮನೆಗೆ ಕಳಿಸಿಲ್ಲ! ಆದರೆ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು.

"ಬಸ್ಸ ಸಿಗಲಿಲ್ರಿ ಬಾಯಾರ. ನಮ್ಮ ಹಳ್ಳಿ ಕಡೆ ಬಸ್ಸಿಂದು ಭಾಳ ತ್ರಾಸ."

ಮೂರು ದಿನ ಬಸ್ಸು ಸಿಗದ ಊರು ನಮ್ಮದಲ್ಲ. ಅವಳು ನನ್ನ ಮುಖ ಉಳಿಸುತ್ತಿದ್ದಳು, ಗೂಡಿನ ಪಾಟಿಯನ್ನು ಬಿಟ್ಟುಕೊಟ್ಟಷ್ಟೇ ಸಹಜವಾಗಿ.

"ಇಲ್ರಿ ಮೇಡಂ," ಎಂದೆ. "ತಪ್ಪು ನಂದು. ದಿನಾ ನೋಡೇನ್ರಿ, ಆದರ ನಾ ನೋಡಿದ್ದು ಹಳೇ ಪುಟ. ಇವರಿಗೆ ಬಂದಿಲ್ಲ ಬಂದಿಲ್ಲ ಅಂತ ನಾನ ಹೇಳಿದ್ದು."

ಅವರು ಮುಖ ಎತ್ತಿ, ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಕಾಲೇಜಿನಲ್ಲಿ ಗುಮಾಸ್ತ ಎಂದೆ. ಬಿ.ಎ. ಆಗಿದೆ ಎಂಬ ಮಾತು ರೂಢಿಯಂತೆ ಹೊರಟು ತುಟಿಯವರೆಗೆ ಬಂದು ನಿಂತಿತು. ಅವರು ಕಾವೇರಿಯ ಕೈಗೆ ಪೆನ್ನು ಕೊಟ್ಟು, ಸಹಿಯ ಜಾಗವನ್ನು ಬೆರಳಿನಿಂದ ತೋರಿಸಿದರು. ಅವಳು ತನ್ನ ಪೂರ್ಣ ಹೆಸರನ್ನು, ಒಂದಕ್ಷರವೂ ಬಿಡದೆ, ನಿಧಾನವಾಗಿ ಬರೆದಳು. ಗೋಡೆಯ ಗಡಿಯಾರ ಐದಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಬೆಳಗಿನಿಂದ ನನ್ನ ಹೊಟ್ಟೆಗೆ ಬಿದ್ದ ಮೊದಲ ಅನ್ನ ಅದು. ಬುಟ್ಟಿಯದೋ ಬಿಸಿಯದೋ ಎಂದು ಕೇಳಿದೆ. ಬಿಸಿಯದನ್ನು ಖಾನಾವಳಿಗೆ ಕಳಿಸಿದೆ, ತಮ್ಮನಿಗೆ ಬುಟ್ಟಿಯದೇ ಸಾಕು ಎಂದು ಅಕ್ಕ ನಕ್ಕಳು. ಆಗ ಕಾವೇರಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದಳು.

"ನಾ ಬುಧವಾರನ ನೋಡಿದ್ದೆ ಮಾಮಾ. ಅಶ್ವಿನಿ ಫೋನಿನ್ಯಾಗ. ನನ್ನ ಹೆಸರಿತ್ತು."

"ಮತ್ತ ಯಾಕವ್ವ ಹೇಳಲಿಲ್ಲ?"

"ಸಂಜಿಕ ನೀವು ಬಂದಿಲ್ಲ ಅಂದ್ರಿ. ಅದಕ್ಕ, ಬ್ಯಾರೆ ಯಾವುದೋ ಕಾವೇರಿ ಇರಬೇಕಂತ ತಿಳಕೊಂಡೆ."

ಪಟ್ಟಿಯಲ್ಲಿ ನಿನ್ನ ಅಪ್ಪನ ಹೆಸರೂ ಇತ್ತಲ್ಲವೇ ಎಂದು ಕೇಳಲು ನನ್ನಿಂದಾಗಲಿಲ್ಲ. ತನ್ನ ಹೆಸರನ್ನು ತನ್ನ ಕಣ್ಣಾರೆ ಕಂಡ ಹುಡುಗಿ, ಕಣ್ಣಿಗಿಂತ ನನ್ನ ಪದವಿಯನ್ನು ನಂಬಿ, ತಾನೇ ಬೇರೆ ಯಾರೋ ಎಂದುಕೊಂಡು ಸುಮ್ಮನಾಗಿದ್ದಳು. ಇಷ್ಟು ವರ್ಷ ಗಂಟಲು ಸರಿಮಾಡಿಕೊಂಡು ನಾನು ಹೇಳಿದ ಎಷ್ಟು 'ಬಂದಿಲ್ಲ'ಗಳಿಗೆ ಎಷ್ಟು ಜನ ಹೀಗೆ ತಮ್ಮ ಹೆಸರನ್ನು ತಾವೇ ಅಳಿಸಿಕೊಂಡಿದ್ದಾರೋ ನನಗೆ ತಿಳಿಯದು. ಕಾಗದಗಳ ಚೀಲವನ್ನು ಅವಳ ತೊಡೆಯ ಮೇಲಿಟ್ಟೆ. ಇನ್ನು ಇವು ನಿನ್ನ ಹತ್ತಿರವೇ ಇರಲಿ ಎಂದೆ. ಇಲಿ ತಿಂದರೆ ಎಂದಳು ಅಕ್ಕ. ನಮ್ಮ ಮನೆಯಲ್ಲೂ ತಿನ್ನುತ್ತವೆ, ನಾನು ಹೇಳಿರಲಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬೀಗ ತೆಗೆದೆ, ಧೂಳು ಒರೆಸಿದೆ, ಗುಂಡಿ ಒತ್ತಿದೆ. ನೆತ್ತಿಯ ಮೇಲಿನ ಕಾಗದವನ್ನು ಕಿತ್ತು, ಚೌಕಗಳ ಸಾಲಿನಲ್ಲಿ ಬುಟ್ಟಿಯೊಂದಕ್ಕೇ ಗುರುತು ಹಾಕಿ ಅಳಿಸಿದೆ. ಪ್ರಾಚಾರ್ಯರ ಗುರುತಿಗೆ ಊನವಾಗಲಿಲ್ಲ. ಅಷ್ಟರಲ್ಲಿ ಇಂಡಿಯ ಕಾಕಾನ ಫೋನು ಬಂತು, ನಿಂಬೆ ಗಿಡಕ್ಕೆ ಬಂದ ಹೊಸ ರೋಗಕ್ಕೆ ಯಾವ ಔಷಧವೆಂದು. ಗಂಟಲು ತಾನೇ ಸರಿಯಾಗತೊಡಗಿತು. ತಡೆದು, ನನಗೆ ಗೊತ್ತಿಲ್ಲ ಕಾಕಾ ಎಂದೆ. ಅವರು, ಮೈಯಾಗ ಆರಾಮ ಇಲ್ಲೇನಪ ಎಂದು ಕಳವಳದಿಂದ ಕೇಳಿದರು.

ಆರಾಮವೇನೂ ಇರಲಿಲ್ಲ, ಬಸ್ಸಿನ ದಣಿವು ಸೊಂಟದಲ್ಲಿ ಹಾಗೇ ಕುಳಿತಿತ್ತು, ಬಾಗಿಲಾಚೆ ಶುಲ್ಕದ ಸಾಲೂ ಹಾಗೇ ನಿಂತಿತ್ತು. ಸುದ್ದಿ ಓದೋಣವೆಂದು ಪುಟ ತೆರೆದರೆ ಬೂದು ಪಟ್ಟೆ ಮೆಲ್ಲಗೆ ತಲೆ ಎತ್ತಿತು. ಬೆರಳು ಅಭ್ಯಾಸಬಲದಿಂದ 'ಒಪ್ಪುತ್ತೇನೆ'ಯ ಕಡೆ ಹೊರಟಿತ್ತು. ಅದನ್ನು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಮೊದಲ ಸಲ ಆ ಸಾಲುಗಳನ್ನು ಕೊನೆಯವರೆಗೆ ಓದಿದೆ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಗುಂಡಿಯೂ ಇತ್ತು: 'ಒಪ್ಪುವುದಿಲ್ಲ'. ಒತ್ತಿದೆ. ಪಟ್ಟೆ ಒಂದಿಷ್ಟೂ ಬೇಸರಪಡದೆ ಕೆಳಗೆ ಇಳಿದುಹೋಯಿತು, ಪುಟ ಎಂದಿನಂತೆಯೇ ತೆರೆದುಕೊಂಡಿತು. ಹೂಂ ಅನ್ನದಿದ್ದರೂ ಬಾಗಿಲು ತೆರೆಯುತ್ತಿತ್ತೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.